ಒಂದು ಹಿಡಿ ಉಡಿಯಕ್ಕಿ ಲಂಚವಾದ ಬಗೆ

ಆರೋಗ್ಯ ವಿಮಾ ನಿಧಿಯ ಆಡಳಿತಾಧಿಕಾರಿಗಳೆನಿಸಿದ ಮಾನ್ಯರೇ,

ತಮ್ಮ ಕಚೇರಿ ಒಬ್ಬ ಮನುಷ್ಯನನ್ನು ಅರ್ಧ ದಾರಿಯಲ್ಲಿ ಇಳಿಸಿ ಮುಂದೆ ಹೋಗಿಬಿಟ್ಟಿದೆ. ಅವನು ಸೊರಬದ ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ ಕಲ್ಲಪ್ಪ. ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಅವನ ಮನೆಗೆ ಹೋಗಿಬರುತ್ತಿದ್ದ ಸಮಾಜ ಸೇವಕಿ ವನಜಮ್ಮನವರ ಭತ್ಯೆಯನ್ನು ತಾವು ಮೊದಲು ತಡೆದಿರಿ. ಆಮೇಲೆ ರದ್ದು ಮಾಡಿದಿರಿ. ಕೊನೆಗೆ ಅವರು ರೋಗಿಯ ಮನೆಯವರಿಂದ ‘ಪ್ರತಿಫಲ’ ಪಡೆದಿದ್ದಾರೆಂದು ಆರೋಪ ಹೊರಿಸಿ, ವಿಚಾರಣೆ ಮುಗಿಯುವವರೆಗೆ ನಿಧಿಗೆ ಸೇರಿದ ಯಾವ ಕೂಲಿಯವನ ಹೊಸಿಲನ್ನೂ ಅವರು ತುಳಿಯಕೂಡದೆಂದು ಆಜ್ಞೆ ಮಾಡಿದಿರಿ. ಅವರನ್ನು ಒಳಗೆ ಕರೆದ ಮನೆಗೆ ನಿಧಿಯ ಸಹಾಯವೂ ನಿಲ್ಲುತ್ತದೆಂದು ಕೆಳಗೆ ಒಂದು ಸಾಲು ಸೇರಿಸಿದಿರಿ. ಬರುವ ಸೋಮವಾರ ಶಿವಮೊಗ್ಗದಲ್ಲಿ ತಮ್ಮ ವೈದ್ಯ ಮಂಡಳಿ ಕೂಡಲಿದೆ. ಕಲ್ಲಪ್ಪ ಮರಳಿ ಗಿರಣಿಗೆ ಹೋಗಬಲ್ಲನೋ, ಅಥವಾ ಗಿರಣಿಯಿಂದ ಅವನ ಹೆಸರು ಹೊಡೆದುಹಾಕಿ ಬೆಂಗಳೂರಿನ ಆಸ್ಪತ್ರೆಗೆ ಮತ್ತೆ ಸಾಗಿಸಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಈ ಪತ್ರವನ್ನು ತಮ್ಮ ಕಚೇರಿಯ ವಿಳಾಸಕ್ಕೆ ಕಳಿಸದೆ ಪತ್ರಿಕೆಗೆ ಕಳಿಸಿರುವುದಕ್ಕೆ ಕ್ಷಮೆ ಬೇಡುವುದಿಲ್ಲ. ಹಿಂದೆ ವಿಳಾಸಕ್ಕೆ ಕಳಿಸಿದ್ದವು ಏನಾದವೆಂಬುದು ತಮಗೆ ಗೊತ್ತು, ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೇಕೆ ಈ ಉಸಾಬರಿ ಎಂದು ತಾವು ಕೇಳಬಹುದು. ನಾನು ಶಿಕಾರಿಪುರದಲ್ಲಿ ಬಟ್ಟೆ ವ್ಯಾಪಾರ ಮಾಡುವವನು. ತಮ್ಮ ನಿಧಿಯ ಶಾಖೆ ನನ್ನ ಅಂಗಡಿಯ ಎದುರಿಗೇ ಇದೆ. ಅದರ ಮೆಟ್ಟಿಲು ಹತ್ತುವವರು ಹತ್ತುವ ಮುಂಚೆ ನನ್ನ ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಾರೆ, ಇಳಿದ ಮೇಲೆ ಅದೇ ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಸೊರಬದ ಸಂತೆಗೆ ಗಂಟು ಹೊತ್ತು ಹೋಗುವವನೂ ನಾನೇ. ಕಲ್ಲಪ್ಪನ ತಾಯಿ ಉಚ್ಚಂಗಮ್ಮ ನನ್ನ ತಂದೆಯ ಕಾಲದಿಂದ ನಮ್ಮ ಗಿರಾಕಿ. ಆಕೆ ಒಂದು ಸೀರೆ ಕೊಳ್ಳಲು ಮೂರು ಸಂತೆ ಚೌಕಾಸಿ ಮಾಡುವವಳು. ಆ ಚೌಕಾಸಿಯ ನಡುನಡುವೆ ಆಕೆಯ ಮನೆಯ ಕಥೆಯೆಲ್ಲ ನನ್ನ ಕಿವಿಗೆ ಬಿದ್ದಿದೆ. ಆದ್ದರಿಂದ ತಮ್ಮ ಕಡತದಲ್ಲಿ ಇಲ್ಲದ ಸಂಗತಿಗಳು ನನ್ನಲ್ಲಿವೆ.

ನಡೆದದ್ದು ಇಷ್ಟು. ಕಳೆದ ಸುಗ್ಗಿಯ ನಂತರ ಗಿರಣಿ ಬಿಡುವಿಲ್ಲದೆ ನಡೆಯುತ್ತಿದ್ದ ದಿನಗಳಲ್ಲಿ, ಸಣ್ಣಪ್ಪನೆಂಬ ಕೆಲಸಗಾರನ ಬಲಗೈ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿತು. ಅವನು ಕೂಗಿಕೊಂಡ. ಇಂಜಿನ್ನಿನ ಮಗ್ಗುಲಲ್ಲೇ ನಿಂತಿದ್ದ ಕಲ್ಲಪ್ಪನಿಗೆ ಆ ಗದ್ದಲದಲ್ಲಿ ಕೂಗು ಕೇಳಿಸಲಿಲ್ಲ. ಯಾರೋ ಓಡಿಬಂದು ಅವನ ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಇಂಜಿನ್ ನಿಲ್ಲಿಸಿದ. ಅಷ್ಟರಲ್ಲಿ ಸಣ್ಣಪ್ಪನ ಬೆರಳುಗಳು ಹೋಗಿದ್ದವು. ತಮ್ಮ ನಿಧಿ ಅವನಿಗೆ ತಡಮಾಡದೆ ಪರಿಹಾರ ಕೊಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ತಮ್ಮಲ್ಲಿ ಬೆರಳಿಗೆ ದರವಿದೆ. ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಒಂದು, ಕಿರುಬೆರಳಿಗೆ ಇನ್ನೊಂದು. ಇದನ್ನು ಬರೆದವರು ಬಹಳ ಯೋಚನೆ ಮಾಡಿ ಬರೆದಿದ್ದಾರೆ, ಉಂಗುರದ ಬೆರಳನ್ನೂ ಮರೆತಿಲ್ಲ. ಆದರೆ ಅದೇ ದಿನ, ಅದೇ ಗಿರಣಿಯಲ್ಲಿ, ಅದೇ ಬೆಲ್ಟು ಕಲ್ಲಪ್ಪನಿಂದಲೂ ಏನನ್ನೋ ಕಿತ್ತುಕೊಂಡಿತು. ಅದಕ್ಕೆ ಎಷ್ಟು ಬೆರಳೆಂದು ಲೆಕ್ಕ ಹಾಕುವುದು?

ಅಂದಿನಿಂದ ಕಲ್ಲಪ್ಪ ಕಿವಿಗೊಟ್ಟು ಕುಳಿತ. ಊಟಕ್ಕೆ ಕೂತವನು ತುತ್ತನ್ನು ಬಾಯಿಯ ಹತ್ತಿರ ತಂದು, ‘ಯಾರೋ ಕೂಗಿದ್ರು’ ಎಂದು ಎದ್ದು ಹೊರಗೆ ಹೋಗುವನು. ಬೀದಿಯ ತುದಿಯವರೆಗೆ ನೋಡಿ ಬರುವನು. ಮೊದಲು ಹಗಲು ಮಾತ್ರ ಹೀಗಿತ್ತು, ಆಮೇಲೆ ನಿದ್ದೆಯೂ ಹೋಯಿತು, ಮಾತೂ ನಿಂತಿತು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ವೈದ್ಯರು ಅವನಿಗೆ ನಿದ್ದೆ ತರಿಸಿದರು, ಮೈ ತುಂಬಿಸಿದರು, ಇನ್ನು ಮನೆಯಲ್ಲೇ ಗುಣವಾಗಬೇಕೆಂದು ಹೇಳಿ ಕಳಿಸಿದರು. ಮನೆಗೆ ಒಬ್ಬರು ತರಬೇತಾದ ಸಮಾಜ ಸೇವಕಿ ಹೋಗಿಬರುತ್ತಿರಲೇಬೇಕು, ಇದೂ ಚಿಕಿತ್ಸೆಯೇ ಎಂದು ಬರೆದುಕೊಟ್ಟರು. ಆ ಮಾತಿನ ಆಧಾರದ ಮೇಲೆ ತಾವೇ ವನಜಮ್ಮನವರಿಗೆ ಒಪ್ಪಿಗೆ ಕೊಟ್ಟಿರಿ, ಪ್ರತಿ ಭೇಟಿಗೆ ಭತ್ಯೆಯನ್ನೂ ಬಸ್ಸಿನ ಚಾರ್ಜನ್ನೂ ಕೊಡುವುದಾಗಿ ಒಪ್ಪಿದಿರಿ. ಅವರು ದಾವಣಗೆರೆ ಕಡೆಯವರು. ಶಿಕಾರಿಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಧೂಳು ಕುಡಿಯುತ್ತ ಓಡಾಡಿದರು.

ಅವರು ಮಾಡಿದ್ದೆಲ್ಲ ಮೊದಲ ದಿನವೇ ಫಲ ಕೊಟ್ಟಿತೆಂದು ನಾನು ಹೇಳುವುದಿಲ್ಲ. ಮೊದಲ ಸಲ ಹೋದವರು ಕಲ್ಲಪ್ಪನ ಎದುರು ಕೂತು ನೇರವಾಗಿ ಗಿರಣಿಯ ಮಾತೆತ್ತಿದರು. ಅವನು ಎದ್ದು ಕೊಟ್ಟಿಗೆಗೆ ಹೋಗಿ ಎತ್ತಿನ ಮರೆಯಲ್ಲಿ ನಿಂತುಬಿಟ್ಟ. ಉಚ್ಚಂಗಮ್ಮನಿಗೆ ಸಿಟ್ಟು ಬಂತು. ‘ನಿನ್ನ ಓದು ನಿನ್ ಹತ್ರಾನೇ ಇಟ್ಕಳವ್ವ. ನನ್ ಮಗ ಎತ್ತಿನ ಹಿಂದೆ ನಿಂತಾನೆ, ನೋಡಿಲ್ಲಿ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳಂತೆ. ವನಜಮ್ಮ ಸಿಟ್ಟಾಗಲಿಲ್ಲ, ಹೊರಡಲೂ ಇಲ್ಲ. ಒಲೆಯ ಮುಂದೆ ಹೋಗಿ ಕೂತು, ರೊಟ್ಟಿ ತಟ್ಟುತ್ತಿದ್ದ ಕಲ್ಲಪ್ಪನ ಹೆಂಡತಿ ಗುಡ್ಡಮ್ಮನಿಗೆ ಹಿಟ್ಟು ನಾದಿಕೊಟ್ಟರು. ಹಾಗೆ ನಾದುತ್ತ ಮೂಲೆಯಲ್ಲಿದ್ದ ಬೀಸುವ ಕಲ್ಲಿನ ಮೇಲೆ ಧೂಳು ಕೂತಿರುವುದನ್ನು ಕಂಡರು.

‘ನಿಮ್ಮನ್ಯಾಗೆ ಹಿಟ್ಟು ಎಲ್ಲಿಂದ ಬರ್ತೈತ್ರೀ ಅಮ್ಮ?’

‘ಆಚೆ ಓಣಿಗೆ ಹೋಗಿ ಬೀಸ್ಕೊಂಡ್ ಬರ್ತೀವಿ. ಸದ್ದಾದ್ರೆ ಅವನಿಗೆ ಆಗಲ್ಲ.’

‘ಆಗಲ್ಲ ಅಂತ ಅವರು ಹೇಳಿದ್ರಾ?’

‘ಅವನೆಲ್ಲಿ ಹೇಳ್ತಾನೆ? ನಾವೇ ತಿಳ್ಕೊಂಡ್ವಿ.’

ಆ ಮನೆಯವರು ಪ್ರೀತಿಯಿಂದಲೇ ಮಾಡಿದ ತಪ್ಪು ಅದು. ಮಗನಿಗೆ ಹಿಂಸೆಯಾಗಬಾರದೆಂದು ಒನಕೆ ಎತ್ತಿಟ್ಟಿದ್ದರು, ಕಲ್ಲು ನಿಲ್ಲಿಸಿದ್ದರು, ದನದ ಕೊರಳ ಗಂಟೆ ಬಿಚ್ಚಿದ್ದರು, ತಾವೂ ಪಿಸುಮಾತಿಗಿಳಿದಿದ್ದರು. ಕೇಳದೆ ಹೋದ ಒಂದು ಕೂಗಿಗಾಗಿ ಕಾದು ಕೂತವನಿಗೆ ನಿಶ್ಶಬ್ದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಸುತ್ತ ಸದ್ದಿಲ್ಲದಷ್ಟೂ ಅವನ ಕಿವಿ ಇನ್ನಷ್ಟು ದೂರ ಹೋಗುತ್ತಿತ್ತು. ವನಜಮ್ಮ ಅಂದೇ ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ಕೂತರು. ಉಚ್ಚಂಗಮ್ಮ ‘ಬ್ಯಾಡ್ರೀ, ಬ್ಯಾಡ್ರೀ’ ಎನ್ನುತ್ತಿರುವಾಗಲೇ ಅಕ್ಕಿ ಹಾಕಿ ಬೀಸತೊಡಗಿದರು. ಕಲ್ಲಪ್ಪ ಕೊಟ್ಟಿಗೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿದ. ಅಂದು ರಾತ್ರಿ ಊಟದ ನಡುವೆ ಅವನು ಒಮ್ಮೆಯೂ ಏಳಲಿಲ್ಲವಂತೆ. ಇದು ಔಷಧವೋ ಅಲ್ಲವೋ ತಾವೇ ಹೇಳಿ. ತಮ್ಮ ಔಷಧದ ಪಟ್ಟಿಯಲ್ಲಿ ಬೀಸುವ ಕಲ್ಲು ಇಲ್ಲ, ಬಲ್ಲೆ.

ಈಗ ತಮ್ಮ ‘ಪ್ರತಿಫಲ’ದ ವಿಷಯಕ್ಕೆ ಬರುತ್ತೇನೆ. ಅಂದು ಅವರು ಹೊರಟಾಗ ಉಚ್ಚಂಗಮ್ಮ ಕುಂಕುಮದ ಬಟ್ಟಲು ಹಿಡಿದು ನಡುಮನೆಯಲ್ಲಿ ನಿಂತಳು. ಹೆಣ್ಣುಮಗಳೊಬ್ಬಳು ಮನೆಗೆ ಬಂದು ಹೊರಟರೆ ಕುಂಕುಮವಿಟ್ಟು, ಸೆರಗಿಗೆ ಒಂದು ಹಿಡಿ ಅಕ್ಕಿ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ನಡೆ. ಅದು ಕೂಲಿಯಲ್ಲ, ದಾನವೂ ಅಲ್ಲ. ಇನ್ನೊಮ್ಮೆ ಬಾ ಎಂದು ಹೇಳುವ ಬಗೆ. ಆದರೆ ಕಲ್ಲಪ್ಪ ಆಸ್ಪತ್ರೆಗೆ ಹೋಗಿ ಬಂದಾಗಿನಿಂದ ಆ ಮನೆಯ ಅಕ್ಕಿಗೆ ಯಾರೂ ಸೆರಗು ಒಡ್ಡಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ಪಕ್ಕದ ಮನೆಯ ರಾಧಮ್ಮನೇ, ‘ಮೈ ಸರಿಯಿಲ್ಲ’ ಎಂದು ಹೇಳಿ ಕಳಿಸಿ, ಬೇಲಿಯಾಚೆ ಗಟ್ಟಿಯಾಗಿ ನಗುತ್ತ ಕೂತಿದ್ದಳು. ಉಚ್ಚಂಗಮ್ಮ ಬಟ್ಟಲು ಹಿಡಿದು, ‘ಹುಚ್ಚನ ಮನೆ ಅಕ್ಕಿ ಅಂತ ಬ್ಯಾಡ ಅಂತೀಯೇನವ್ವ?’ ಎಂದು ಕೇಳಿದಳು. ವನಜಮ್ಮ ಸೆರಗು ಒಡ್ಡಿದರು. ತಮ್ಮ ನಿಯಮದ ಪ್ರಕಾರ ಅವರು ಏನು ಮಾಡಬೇಕಿತ್ತು? ಸೆರಗು ಹಿಂದಕ್ಕೆಳೆದುಕೊಂಡು, ‘ನಿಧಿಯ ನಿಯಮಾನುಸಾರ ಸ್ವೀಕರಿಸಲಾಗುವುದಿಲ್ಲ’ ಎನ್ನಬೇಕಿತ್ತೇ? ಹಾಗೆಂದಿದ್ದರೆ ಆ ಬಾಗಿಲು ಅವರಿಗೆ ಮತ್ತೆ ತೆರೆಯುತ್ತಿರಲಿಲ್ಲ, ಕಲ್ಲಪ್ಪನೂ ಎತ್ತಿನ ಹಿಂದೆಯೇ ನಿಂತಿರುತ್ತಿದ್ದ.

ಅಲ್ಲಿಂದ ಮುಂದೆ ಸುಧಾರಣೆ ಕಂಡಿತು. ಸಣ್ಣಪ್ಪ ಅದುವರೆಗೂ ಗೆಳೆಯನ ಮನೆಗೆ ಬಂದಿರಲಿಲ್ಲ. ಅವನಿಗೆ ಕಲ್ಲಪ್ಪನ ಮೇಲೆ ಕೋಪವೆಂದು ಎಲ್ಲರೂ ತಿಳಿದಿದ್ದರು. ವನಜಮ್ಮ ಅವನ ಮನೆಗೂ ಹೋಗಿ ವಿಚಾರಿಸಿದರು. ಕೋಪವೂ ಇರಲಿಲ್ಲ, ಏನೂ ಇರಲಿಲ್ಲ. ಎಡಗೈಯಲ್ಲಿ ಉಣ್ಣಬೇಕಾದ ನಾಚಿಕೆಗೆ ಅವನು ಯಾರ ಮನೆಗೂ ಹೋಗುವುದನ್ನೇ ಬಿಟ್ಟಿದ್ದ. ಅವನನ್ನು ಒಲಿಸಿ ಕರೆತಂದರು. ಇಬ್ಬರಿಗೂ ಜೊತೆಗೆ ಎಲೆ ಹಾಕಿಸಿದರು. ಸಣ್ಣಪ್ಪ ಕೂತವನೇ, ‘ಎಡಗೈ ನೋಡಿ ಮುಖ ತಿರುಗಿಸ್ಬ್ಯಾಡ್ರಪ್ಪಾ. ಬಲಗೈ ಸರ್ಕಾರಕ್ಕೆ ಮಾರಿದೀನಿ, ರೇಟೂ ಬಂದದೆ’ ಎಂದ. ಗುಡ್ಡಮ್ಮನಿಗೆ ನಗು ಬಂದು ಒಳಗೆ ಹೋದಳು. ಕಲ್ಲಪ್ಪ ನಗಲಿಲ್ಲ. ಎಲೆ ನೋಡುತ್ತ, ‘ನೀ ಕೂಗಿದ್ದು ನಂಗೆ ಕೇಳ್ಲಿಲ್ಲ ಕಣೋ’ ಎಂದ. ತಿಂಗಳುಗಟ್ಟಲೆ ನಾಲಿಗೆಯ ಕೆಳಗೆ ಒತ್ತಿಟ್ಟಿದ್ದ ಮಾತು ಅದು.

‘ನಂಗೇ ಕೇಳ್ಲಿಲ್ಲ, ನಿಂಗೆಲ್ಲಿ ಕೇಳುತ್ತೆ?’ ಎಂದ ಸಣ್ಣಪ್ಪ. ‘ಆ ಇಂಜಿನ್ ಮುಂದೆ ದೇವ್ರು ಬಂದು ಕೂಗಿದ್ರೂ ಕೇಳಲ್ಲ. ಸಾರು ಹಾಕ್ಸು.’

ಆ ಊಟದ ನಂತರ ಕಲ್ಲಪ್ಪ ಸಣ್ಣಪ್ಪನ ಜೊತೆ ಗಿರಣಿಯ ಅಂಗಳದವರೆಗೆ ಹೋಗಿ ಕೂತುಬರಲು ಶುರುಮಾಡಿದ. ಇಂಜಿನ್ ಒಳಗೆ ಬಡಿಯುತ್ತಿದ್ದರೂ ಭತ್ತದ ಚೀಲಕ್ಕೆ ಒರಗಿ ಕೂರುವನು. ಒಂದು ದಿನ ಯಾರೂ ಹೇಳದೆ ಎಣ್ಣೆಯ ಡಬ್ಬಿ ಎತ್ತಿಕೊಂಡು ಒಳಗೆ ಹೋದ. ಗಿರಣಿಯ ಮಾಲೀಕರು ಹೃದಯವಂತರೆಂದು ಹೊಗಳಲಾರೆ, ಆದರೆ ಇಂಜಿನ್ ಬಲ್ಲವನ ಬೆಲೆ ಬಲ್ಲವರು. ಮಂಡಳಿ ಒಪ್ಪಿದರೆ ಮಾರನೆಯ ದಿನವೇ ಕೆಲಸಕ್ಕೆ ಕರೆದುಕೊಳ್ಳುತ್ತೇನೆಂದರು. ಆ ಹೊತ್ತಿಗೆ ತಮ್ಮ ಕಚೇರಿಗೆ ಎಚ್ಚರವಾಯಿತು.

ವನಜಮ್ಮನವರ ಬಿಲ್ಲುಗಳು ಬಹಳ ಕಾಲದಿಂದ ತಮ್ಮಲ್ಲಿ ಮಲಗಿದ್ದವು. ನಾನೇ ಒಮ್ಮೆ ರಸ್ತೆ ದಾಟಿ ಬಂದು ವಿಚಾರಿಸಿದೆ. ತಮ್ಮ ಹೆಡ್ ಗುಮಾಸ್ತರು ಬಹಳ ವಿನಯದಿಂದ ಕುರ್ಚಿ ಕೊಟ್ಟು ಹೇಳಿದರು: ‘ನೋಡ್ರೀ ಸಾವ್ಕಾರ್ರೇ, ಡಾಕ್ಟ್ರು ನಾಡಿ ಹಿಡೀತಾರೆ. ನರ್ಸು ಸೂಜಿ ಚುಚ್ತಾಳೆ. ಕಂಪೌಂಡರು ಬಾಟ್ಲಿ ತುಂಬಿಸ್ತಾನೆ. ಈಯಮ್ಮ ಏನ್ ಮಾಡ್ತಾರ್ರೀ? ಹೋಗಿ ಕೂತು ಮಾತಾಡ್ತಾರೆ. ಮಾತಾಡೋದಕ್ಕೆ ದುಡ್ಡು ಕೊಟ್ರೆ ನಮ್ಮನೆಯೋಳಿಗೆ ನಿಧಿ ಪೂರ್ತಿ ಬರ್ಕೊಡ್ಬೇಕಾಗುತ್ತೆ.’ ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು. ಮೆಟ್ಟಿಲಿಳಿಯುವಾಗ ನಗು ಹೋಯಿತು.

ಮಾನ್ಯರೇ, ನನಗೆ ವಯಸ್ಸಾಗಿದೆ, ಜ್ಞಾಪಕಶಕ್ತಿ ಕೆಟ್ಟಿಲ್ಲ. ನಾನು ಹುಡುಗನಾಗಿದ್ದಾಗ ಶಿಕಾರಿಪುರಕ್ಕೆ ಸಿಡುಬಿಗೆ ದೇವಿ ಹಾಕುವವನು, ಅಂದರೆ ಲಸಿಕೆ ಚುಚ್ಚುವವನು, ಬಂದರೆ ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದರು. ಆಗಿನ ಅಮಲ್ದಾರರು ದಂಡ ಹಾಕಿ ನೋಡಿದರು, ಪೊಲೀಸರನ್ನು ಕಳಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಊರಿನ ಸೂಲಗಿತ್ತಿ ಚೌಡವ್ವನನ್ನು ದೇವಿ ಹಾಕುವವನಿಗಿಂತ ಒಂದು ದಿನ ಮುಂಚೆ ಮನೆಮನೆಗೆ ಕಳಿಸಿದರು. ಅವಳು ಸೂಜಿ ಮುಟ್ಟಲಿಲ್ಲ. ಅಡಿಗೆಮನೆಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತ ಮಾತಾಡಿದಳು, ಅಷ್ಟೇ. ಮರುದಿನ ಮಕ್ಕಳು ತಾವಾಗಿ ತೋಳು ಚಾಚಿದವು. ನನ್ನ ತೋಳಿನ ಮೇಲಿನ ಗುರುತು ಆ ಮಾತಿನ ಫಲ. ಅವಳಿಗೆ ಪುರಸಭೆಯಿಂದ ಸಂಬಳ ಸಂದಾಯವಾಯಿತು. ಮಹಾರಾಜರ ಸರ್ಕಾರಕ್ಕೆ ಮಾತಿನ ಬೆಲೆ ಗೊತ್ತಿತ್ತು, ಪ್ರಜೆಗಳ ಸರ್ಕಾರಕ್ಕೆ ಗೊತ್ತಿರಬಾರದೇ? ಇನ್ನೂ ಹಿಂದಕ್ಕೆ ಹೋಗುವಿರಾದರೆ, ತಮ್ಮ ಶಾಖೆಯಿಂದ ಸ್ವಲ್ಪವೇ ದೂರದ ಬಳ್ಳಿಗಾವಿಯಲ್ಲಿ ನಾನಾ ಬಗೆಯ ರೋಗಿಗಳಿಗೆ ಮದ್ದು ಕೊಡುವ ಸ್ಥಳವೆಂದು ಒಂದು ಮಠವನ್ನು ಕೊಂಡಾಡುವ ಶಾಸನವಿದೆ. ಎಂಟುನೂರು ವರ್ಷಗಳ ಹಿಂದಿನ ಮಾತು. ಆ ಮಠದವರು ಬಾಗಿಲಿಗೆ ಬಂದ ರೋಗಿಯನ್ನು ‘ನಿನ್ನ ರೋಗ ನಮ್ಮ ಪಟ್ಟಿಯಲ್ಲಿದೆಯೇ’ ಎಂದು ಕೇಳಿದರೆಂದು ಆ ಕಲ್ಲಿನ ಮೇಲೆ ಬರೆದಿಲ್ಲ.

ಇರಲಿ. ಬಿಲ್ಲು ಪರಿಶೀಲಿಸಲು ತಮ್ಮ ಇನ್ಸ್‌ಪೆಕ್ಟರು ಸೊರಬಕ್ಕೆ ಹೋದರು. ಹೋದದ್ದು ಒಳ್ಳೆಯದೇ. ಆದರೆ ಅವರು ಕಲ್ಲಪ್ಪನನ್ನು ನೋಡಲಿಲ್ಲ, ಗಿರಣಿಗೆ ಹೋಗಲಿಲ್ಲ. ಅಂಗಳದಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ಉಚ್ಚಂಗಮ್ಮನನ್ನು ಕೇಳಿದರು: ‘ಏನಮ್ಮ, ಆಕೆ ಬಂದಾಗ ನೀವು ಏನಾದ್ರೂ ಕೊಟ್ಟಿದ್ದುಂಟಾ?’

ಬೇಲಿಯ ಆಚೆ ರಾಧಮ್ಮ ಸೊಪ್ಪು ಬಿಡಿಸುತ್ತ ನಿಂತಿದ್ದಳು.

‘ಕೊಡ್ದೆ ಕಳಿಸ್ತೀವೇನ್ರೀ?’ ಎಂದಳು ಉಚ್ಚಂಗಮ್ಮ. ‘ಮನೆಗೆ ಬಂದ ಹೆಣ್ಮಗಳನ್ನ ಬರಿಗೈಲಿ ಕಳ್ಸೋ ಮನೆತನ ಅಲ್ಲ ನಮ್ದು. ಉಡಿ ತುಂಬಿ ಕಳಿಸೀವಿ.’

‘ಏನೇನು ಹಾಕಿದ್ರಿ?’

‘ಏನ್ ಹಾಕ್ತಾರೆ ಸ್ವಾಮಿ? ಐದು ಸೇರು ಸಣ್ಣಕ್ಕಿ. ಜೋಡಿ ಕಾಯಿ. ಬೆಲ್ಲದ ಅಚ್ಚು. ರೇಷ್ಮೆ ಕಣ.’

‘ಪ್ರತಿ ಸಲವೂ?’

‘ಮತ್ತೇನು, ಒಂದ್ ಸಲ ರೇಷ್ಮೆ ಹಾಕಿ ಇನ್ನೊಂದ್ ಸಲ ಹತ್ತಿ ಹಾಕಕ್ಕಾಗುತ್ತಾ? ಪ್ರತಿ ಸಲಾನೂ!’

ಇನ್ಸ್‌ಪೆಕ್ಟರು ಇದನ್ನು ಬರೆದುಕೊಂಡರು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಯಾಕೆ ಕೇಳುತ್ತಿದ್ದೇನೆಂದು ಹೇಳಲಿಲ್ಲ. ಉಚ್ಚಂಗಮ್ಮ ಇಡೀ ದಿನ ತಲೆಯೆತ್ತಿಕೊಂಡು ಓಡಾಡಿದಳು. ಸರ್ಕಾರದವರೇ ಬಂದು ತನ್ನ ಮನೆಯ ಮರ್ಯಾದೆಯನ್ನು ಬರೆದುಕೊಂಡು ಹೋದರೆಂದು ಆಕೆ ತಿಳಿದಿದ್ದಳು. ಆಮೇಲೆ ಆಜ್ಞೆ ಬಂತು.

ಇಲ್ಲಿ ಬಟ್ಟೆ ವ್ಯಾಪಾರಿಯಾಗಿ ಒಂದು ಸಾಕ್ಷಿ ಹೇಳುತ್ತೇನೆ. ಆ ಮನೆಗೆ ಇಂದಿನವರೆಗೆ ನಾನು ರೇಷ್ಮೆಯ ರವಿಕೆ ಕಣ ಮಾರಿಲ್ಲ. ಕಲ್ಲಪ್ಪನ ಮದುವೆಗೂ ಮಾರಿಲ್ಲ, ಆಗ ಕೊಂಡದ್ದು ಅರ್ಧ ರೇಷ್ಮೆ, ಅದಕ್ಕೂ ಮೂರು ಸಂತೆ ಚೌಕಾಸಿ. ಇನ್ನು ಅಕ್ಕಿ. ಪ್ರತಿ ಸಲವೂ ಐದು ಸೇರು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದರೆ ವನಜಮ್ಮ ಈ ಹೊತ್ತಿಗೆ ಶಿಕಾರಿಪುರದಲ್ಲಿ ಅಕ್ಕಿ ಮಂಡಿ ತೆಗೆದಿರಬೇಕಿತ್ತು. ಬಸ್ಸಿನ ಕಂಡಕ್ಟರು ಲಗೇಜಿಗೆ ಚೀಟಿ ಹರಿಯದೆ ಬಿಡುತ್ತಿದ್ದನೇ? ತಮ್ಮ ಇನ್ಸ್‌ಪೆಕ್ಟರಿಗೂ ಒಬ್ಬ ತಾಯಿ ಇದ್ದಾರು. ನೆರೆಯವಳು ಕಿವಿಗೊಟ್ಟಿರುವಾಗ ಆ ತಾಯಿ ತನ್ನ ಮನೆಯ ಉಡಿಯಲ್ಲಿ ಒಂದೇ ಹಿಡಿ ಅಕ್ಕಿ ಇತ್ತೆಂದು ಒಪ್ಪಿಕೊಳ್ಳುತ್ತಿದ್ದರೇ?

ಆಜ್ಞೆಯ ಅರ್ಥ ತಿಳಿದ ದಿನ ಉಚ್ಚಂಗಮ್ಮ ಸಂತೆಗೆ ಕಾಯದೆ ತಾನೇ ಶಿಕಾರಿಪುರಕ್ಕೆ ಬಂದಳು. ನನ್ನ ಜಗಲಿಯ ಮೇಲೆ ಕೂರಲೂ ಇಲ್ಲ. ‘ನಡೀರಿ ಸಾವ್ಕಾರ್ರೇ, ನಾನು ಆಡಿದ್ದನ್ನ ವಾಪಸ್ ತಗಬೇಕು’ ಎಂದಳು. ಇಬ್ಬರೂ ತಮ್ಮ ಮೆಟ್ಟಿಲು ಹತ್ತಿದೆವು. ಕಚೇರಿಯ ತುಂಬ ಜನ. ಅವರೆಲ್ಲರ ಮುಂದೆ ಆ ಹೆಣ್ಣುಮಗಳು ಹೇಳಿದಳು: ‘ನಾನ್ ಹೇಳಿದ್ದು ಸುಳ್ಳು ಸ್ವಾಮಿ. ಒಂದು ಹಿಡಿ ಅಕ್ಕಿ, ಎಲೆ, ಅಡಿಕೆ. ಒಂದ್ಸಲ ಬೆಲ್ಲದ ಚೂರು. ಕಾಯಿನೂ ಇರ್ಲಿಲ್ಲ.’

‘ಆವಾಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?’ ಎಂದರು ತಮ್ಮ ಗುಮಾಸ್ತರು.

‘ಆವಾಗ ರಾಧಮ್ಮ ಬೇಲಿ ಹತ್ರ ಇದ್ಲು.’

‘ಯಾವ ರಾಧಮ್ಮ?’

‘ಪಕ್ಕದ್ಮನೆಯವಳು.’

‘ಅವಳಿಗೂ ಇದಕ್ಕೂ ಏನಮ್ಮ ಸಂಬಂಧ?’

‘ಅಯ್ಯೋ! ನಿಮ್ಗೆ ಪಕ್ಕದ್ಮನೆ ಅಂಬೋದೇ ಇಲ್ವಾ ಸ್ವಾಮಿ?’

ಯಾರೂ ನಗಲಿಲ್ಲ. ಒಮ್ಮೆ ಹೆಬ್ಬೆಟ್ಟು ಒತ್ತಿದ ಹೇಳಿಕೆಯನ್ನು ತಿದ್ದಲಾಗದು, ಎರಡನೆಯದು ಮೊದಲಿನದಕ್ಕೆ ವಿರುದ್ಧವಾಗಿರುವುದರಿಂದ ಸುಳ್ಳು ಹೇಳಿಕೆಯೆಂದು ಆಕೆಯ ಮೇಲೆಯೇ ಕ್ರಮ ಜರುಗಿಸಬೇಕಾದೀತು ಎಂದು ಗುಮಾಸ್ತರು ತಿಳಿಸಿದರು. ಊರ ಮುಂದೆ ತನ್ನ ಬಡತನವನ್ನು ತಾನೇ ಬಿಚ್ಚಿಟ್ಟ ಮುದುಕಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ಇದು. ಆಕೆ ಮೆಟ್ಟಿಲಿಳಿದು ಬಂದು, ‘ನಿಜ ಹೇಳಿದ್ರೂ ತಪ್ಪಾ?’ ಎಂದು ನನ್ನನ್ನು ಕೇಳಿದಳು. ಉತ್ತರವಿದ್ದರೆ ತಾವು ಕೊಡಿ.

ಕಲ್ಲಪ್ಪನ ಈಗಿನ ಸ್ಥಿತಿಯನ್ನು ಹೇಳಿ ಮುಗಿಸುತ್ತೇನೆ. ವನಜಮ್ಮ ಬರುವುದು ನಿಂತಾಗ, ಬಸ್ಸು ತಪ್ಪಿರಬೇಕು, ಬರುವ ವಾರ ಬರುತ್ತಾರೆ ಎಂದು ಮನೆಯವರು ಸಮಾಧಾನ ಹೇಳಿದರು. ಆ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಕಳೆದ ಸಂತೆಯಂದು ನಾನು ಅವರ ಮನೆಗೆ ಹೋದಾಗ ಗುಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: ‘ನಿನ್ನೆ ನಮ್ಮನೆಯೋರು ನನ್ನ ಕೇಳಿದ್ರು. ಅಕ್ಕೋರು ಏನಾದ್ರೂ ಕೂಗಿದ್ರಾ, ನಂಗೆ ಕೇಳ್ಲಿಲ್ವಾ ಅಂತ.’

ಮಾನ್ಯರೇ, ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಅವನೀಗ ಗಿರಣಿಗೆ ಹೋಗುವುದಿಲ್ಲ. ಬೆಳಿಗ್ಗೆ ಎದ್ದು ಬಸ್ಸು ನಿಲ್ಲುವ ಕಡೆಗೆ ಹೋಗುತ್ತಾನೆ, ಶಿಕಾರಿಪುರದ ಬಸ್ಸು ಬಂದು ಖಾಲಿಯಾಗುವವರೆಗೆ ಕಿವಿಗೊಟ್ಟು ನಿಲ್ಲುತ್ತಾನೆ. ಸಣ್ಣಪ್ಪ ಅವನ ಪಕ್ಕದಲ್ಲಿ ನಿಂತು ಏನೇನೋ ಹರಟುತ್ತಾನೆ, ಹೊತ್ತಾದ ಮೇಲೆ ಕೈಹಿಡಿದು ಕರೆತರುತ್ತಾನೆ. ವನಜಮ್ಮ ಕ್ಷೇಮವಾಗಿದ್ದಾರೆಂದು ನಾನು ಹೇಳಿದೆ, ಉಚ್ಚಂಗಮ್ಮ ಹೇಳಿದಳು. ಅವನು ನಂಬಲಿಲ್ಲ. ಯಾಕೆ ನಂಬಬೇಕು? ನಾವೇ ಅಲ್ಲವೇ ಬಸ್ಸು ತಪ್ಪಿತೆಂದು ಸುಳ್ಳು ಹೇಳಿದವರು? ಆ ಹೆಣ್ಣುಮಗಳಾದರೋ ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದ ಕೋಣೆಯಲ್ಲಿದ್ದಾರೆ. ತಾನು ಹೋದರೆ ಆ ಮನೆಗೆ ಸಿಗುವ ಔಷಧವೂ ನಿಲ್ಲುತ್ತದೆಂಬ ಹೆದರಿಕೆಗೆ ಹೋಗದೆ ಕೂತಿದ್ದಾರೆ. ತಮ್ಮ ಆಜ್ಞೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ತಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ?

ಸೋಮವಾರ ತಮ್ಮ ಮಂಡಳಿಯ ದೊಡ್ಡ ವೈದ್ಯರು ಕಲ್ಲಪ್ಪನನ್ನು ಹತ್ತು ನಿಮಿಷ ನೋಡುತ್ತಾರೆ. ಅವನು ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ, ಬಾಗಿಲ ಕಡೆಗೆ ಕಿವಿಗೊಟ್ಟು ಕೂತಿರುತ್ತಾನೆ. ಅವರು ‘ಗುಣವಾಗಿಲ್ಲ’ ಎಂದು ಬರೆಯುತ್ತಾರೆ. ಅವರು ಬರೆಯುವುದು ನಿಜವೇ ಆಗಿರುತ್ತದೆ. ಆ ನಿಜವನ್ನು ತಯಾರು ಮಾಡಿದವರು ತಾವು.

ಆದ್ದರಿಂದ ನನ್ನ ಬೇಡಿಕೆ. ವನಜಮ್ಮನವರ ಮೇಲಿನ ಆಜ್ಞೆಯನ್ನು ಸೋಮವಾರದೊಳಗೆ ಹಿಂದಕ್ಕೆ ಪಡೆಯಿರಿ. ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಅದು ತಮ್ಮ ಹಣವಲ್ಲ, ಕೂಲಿಯವರ ಸಂಬಳದಲ್ಲಿ ಹಿಡಿದುಕೊಂಡ ಹಣ. ಮನೆಗೆ ಹೋಗಿ ಮನಸ್ಸನ್ನು ನೋಡಿಕೊಳ್ಳುವ ಕೆಲಸವನ್ನು, ಸೂಜಿ ಚುಚ್ಚುವ ಕೆಲಸದ ಸಾಲಿನಲ್ಲಿಯೇ, ಯಾರ ದಯೆಗೂ ಬಿಡದೆ ತಮ್ಮ ನಿಯಮದಲ್ಲಿ ಸೇರಿಸಿ. ಉಚ್ಚಂಗಮ್ಮನ ಮೇಲೆ ಕ್ರಮವೆಂಬ ಮಾತನ್ನು ಕೈಬಿಡಿ. ಇಷ್ಟನ್ನೂ ಮಾಡಲು ಕಾಲ ಸಾಲದು, ಮೇಲಿನವರ ಒಪ್ಪಿಗೆ ಬೇಕು ಎನ್ನುವಿರಾದರೆ ಮೇಲಿನವರನ್ನು ಕೇಳುವ ಅಗತ್ಯವಿಲ್ಲದ ಒಂದು ಕೆಲಸ ಮಾಡಿ. ಮಂಡಳಿ ಕೂಡುವ ಕೋಣೆಯಲ್ಲಿ ಕಲ್ಲಪ್ಪನ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಿಸಿ, ಅದರಲ್ಲಿ ವನಜಮ್ಮನವರು ಕೂರಲಿ. ಅವರು ಅವನ ಪರವಾಗಿ ವಾದಿಸುವುದು ಬೇಡ, ಮಂಡಳಿಗೆ ಏನನ್ನೂ ಹೇಳುವುದು ಬೇಡ. ‘ನಾನು ಕೂಗಲಿಲ್ಲ ಕಲ್ಲಪ್ಪ’ ಎಂದು ಅವನಿಗೆ ಒಂದು ಮಾತು ಹೇಳಲಿ. ಆಮೇಲೆ ತಮ್ಮ ವೈದ್ಯರು ತಮ್ಮ ಪ್ರಶ್ನೆಗಳನ್ನು ಶುರುಮಾಡಲಿ.

ಇಂತಿ,
ತಮ್ಮ ಉತ್ತರ ಬರುವುದೆಂಬ ನೆಚ್ಚಿಕೆ ಇಲ್ಲದೆಯೂ, ಸೋಮವಾರದ ಶಿವಮೊಗ್ಗದ ಮೊದಲ ಬಸ್ಸಿನಲ್ಲಿ ಕಲ್ಲಪ್ಪನಿಗೆ, ಅವನ ತಾಯಿಗೆ, ತನಗೆ, ಮತ್ತು ತಾವು ಬರಕೂಡದೆಂದಿರುವ ಒಬ್ಬರಿಗೆ, ಹೀಗೆ ನಾಲ್ಕು ಜಾಗ ಹೇಳಿಟ್ಟಿರುವ

ಪರಮಶಿವಪ್ಪ
ಬಟ್ಟೆ ವ್ಯಾಪಾರಿ, ಶಿಕಾರಿಪುರ
ಕಾರ್ತಿಕ ಮಾಸ, ೧೯೫೯